ತೂತಿಲ್ಲದ ನಾಣ್ಯ

ಪೊರ್ಫಿರಿಯೊ ಬಟ್ಟೆಯ ಒಂದು ತುದಿ ಹಿಡಿದು ಜಗ್ಗಿದ. ಬೆನಿತಾ ಇನ್ನೊಂದು ತುದಿಯನ್ನು ಬಿಡಲಿಲ್ಲ. ಅಣ್ಣತಂಗಿಯರ ನಡುವೆ, ಮುಚ್ಚಳ ತೆಗೆದ ಶವಪೆಟ್ಟಿಗೆಯಲ್ಲಿ, ಅವರಮ್ಮ ಅಸುಂತಾ ಎದೆಯ ಮೇಲೆ ಕೈ ಕಟ್ಟಿಕೊಂಡು ಮಲಗಿದ್ದಳು. ಪೆಟ್ಟಿಗೆ ಇಟ್ಟಿದ್ದ ಎರಡು ಬೆಂಚುಗಳಲ್ಲಿ ಒಂದರ ಕಾಲು ಮೊದಲೇ ಕುಂಟು. ಜಗ್ಗಾಟಕ್ಕೆ ಪೆಟ್ಟಿಗೆ ತೊಟ್ಟಿಲಿನ ಹಾಗೆ ಓಲಾಡಿತು. ಬಟ್ಟೆಗೆ ಹೊಲಿದಿದ್ದ ಬೆಳ್ಳಿ ನಾಣ್ಯಗಳು ಝಲ್ಲೆಂದವು.

"ಜಗ್ಗಿ, ಇನ್ನೂ ಜಗ್ಗಿ," ಎಂದಳು ಪಕ್ಕದ ಮನೆಯ ಮುದುಕಿ ಮಾಕ್ಸಿಮಾ, ಉರುಳುತ್ತಿದ್ದ ಮೇಣದಬತ್ತಿಯನ್ನು ಹಿಡಿದುಕೊಳ್ಳುತ್ತ. "ನಿಮ್ಮಮ್ಮ ಎದ್ದು ಕೂತು ಇಬ್ಬರ ಕೆನ್ನೆಗೂ ಒಂದೊಂದು ಬಿಡ್ಲಿ. ಆಗ ಬುದ್ಧಿ ಬರುತ್ತೆ."

"ನೀವು ಸುಮ್ನಿರಿ ದೊಡ್ಡಮ್ಮ. ಇದು ಮನೆ ವಿಷಯ."

"ಮನೆ ವಿಷಯ ಆಡೋಕೆ ಬೀದಿನೆಲ್ಲ ಕರೆದು ಕೂರಿಸಿದ್ದೀಯಲ್ಲಪ್ಪ!"

ಗೋಡೆಯುದ್ದಕ್ಕೂ ಕೂತಿದ್ದವರ ದವಡೆಗಳು ಕೋಕಾ ಎಲೆ ಜಗಿಯುವುದನ್ನು ನಿಲ್ಲಿಸಿದವು. ರಾತ್ರಿಯಿಡೀ ಎಚ್ಚರವಿದ್ದ ಮುಖಗಳು. ಈಗ ಮೊದಲ ಬಾರಿಗೆ ಅವುಗಳ ತೂಕಡಿಕೆ ಬಿಟ್ಟಿತ್ತು.

"ಅಮ್ಮ ಕೇಳಿದ್ದು ಇದೊಂದೇ ಅಣ್ಣ," ಎಂದಳು ಬೆನಿತಾ. "ಇದನ್ನ ಹೊದಿಸಿ ಮಣ್ಣು ಮಾಡಿ, ಸಂತೆಗೆ ಹೋಗಬಾರದು ಅಂತ. ಸಾಯೋ ಹಿಂದಿನ ದಿನ ನನ್ನ ಕೈ ಹಿಡ್ಕೊಂಡು ಕೇಳಿದ್ದಾಳೆ."

"ಮೂವತ್ತೆಂಟು ಬೆಳ್ಳಿ ನಾಣ್ಯ! ಅಪ್ಪ ಗೋಡೆಯಿಂದ ತೆಗೆದಿದ್ದನ್ನ ನೀನು ನೆಲಕ್ಕೆ ಹಾಕ್ತೀಯಾ? ಎರಡು ತಿಂಗಳಿಂದ ನನ್ನ ಲಾರಿ ಗೇರ್‌ಬಾಕ್ಸ್ ಇಲ್ಲದೆ ಅಂಗಳದಲ್ಲಿ ನಿಂತಿದೆ, ಕಾಣಲ್ವಾ ನಿಂಗೆ?"

ಬೆನಿತಾ ಬಿಡಲಿಲ್ಲ. ಪೊರ್ಫಿರಿಯೊ ಬೆಟ್ಟದಿಂದ ಅದಿರು ಇಳಿಸುವ ಲಾರಿಯ ಚಾಲಕ. ಅವನ ಬೆರಳುಗಳೆಂದರೆ ಇಕ್ಕಳ. ಅವನು ಪೆಟ್ಟಿಗೆಯ ಮೇಲಿಂದ ಬಾಗಿ ತಂಗಿಯ ಬೆರಳುಗಳನ್ನು ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಹಿಂದಕ್ಕೆ ಮಡಚಿದ. ಉಂಗುರದ ಬೆರಳಿಗೆ ಬರುವಾಗ ಲಟಕ್ಕೆಂದು ಸದ್ದಾಯಿತು. ಬೆನಿತಾಳ ಬಾಯಿಂದ ಉಸಿರು ಮಾತ್ರ ಬಂತು. ಬಟ್ಟೆ ಅವನ ಪಾಲಾಯಿತು. ಅವನು ಅದನ್ನು ಹೆಗಲಿಗೆ ಎಸೆದುಕೊಂಡು ಝಲ್ ಝಲ್ ಎನ್ನಿಸುತ್ತ ಹಿಂದಿನ ಅಡುಗೆಮನೆಗೆ ನಡೆದ.

ಬರೀ ಕಪ್ಪು ಸ್ಕರ್ಟಿನಲ್ಲಿ ಉಳಿದ ಅಸುಂತಾ ಇನ್ನಷ್ಟು ಸಣ್ಣಗೆ ಕಂಡಳು. ಎಪ್ಪತ್ತಾರು ವರ್ಷದ ಹೆಂಗಸು, ಒಂದು ಮೂಟೆ ಆಲೂಗಡ್ಡೆಯಷ್ಟೂ ಇಲ್ಲ.

"ಬೆರಳು ತೋರಿಸು," ಎಂದಳು ಮಾಕ್ಸಿಮಾ.

"ಆಮೇಲೆ," ಎಂದು ಬೆನಿತಾ ಅಣ್ಣನ ಹಿಂದೆಯೇ ಹೋದಳು.

ಅಡುಗೆಮನೆಯ ಮೇಜಿನ ಬಳಿ ದೋನ್ ಅಬೆಲಾರ್ದೊ ಆಗಲೇ ತಕ್ಕಡಿ ಹೂಡಿ ಕೂತಿದ್ದರು. ಸೂಕ್ರೆ ಊರಿನ ಹಳೆನಾಣ್ಯದ ವ್ಯಾಪಾರಿ. ಬೆಳಿಗ್ಗೆಯ ಬಸ್ಸಿಗೆ ಬಂದವರು, ನಾಲ್ಕು ಗಂಟೆಯ ಬಸ್ಸಿಗೆ ವಾಪಸು. ಮೂರಕ್ಕೆ ಮಣ್ಣು, ಅಷ್ಟರೊಳಗೆ ವ್ಯಾಪಾರ ಮುಗಿಯಬೇಕೆಂದು ಪೊರ್ಫಿರಿಯೊ ಅವರನ್ನು ಕರೆಸಿದ್ದ. ಒಲೆಯ ಪಕ್ಕ ಅವನ ಹೆಂಡತಿ ದೆಲ್ಫಿನಾ ಮಂಡಿಯೂರಿ, ಶವಸಂಸ್ಕಾರದ ಊಟಕ್ಕೆ ಮೆಣಸಿನಕಾಯಿ ಟೊಮೆಟೊ ಅರೆಯುತ್ತಿದ್ದಳು. ಅದು ಅಸುಂತಾಳ ಅರೆಕಲ್ಲು: ಕೆಳಗೆ ಚಪ್ಪಟೆ ಬಂಡೆ, ಮೇಲೆ ಎರಡು ಕೈಯಲ್ಲಿ ಹಿಡಿದು ಅತ್ತಿತ್ತ ತೂಗುವ ಅರ್ಧಚಂದ್ರದಂಥ ಗುಂಡುಕಲ್ಲು. ಗರ್ರ್, ಗರ್ರ್. ದೆಲ್ಫಿನಾ ತಲೆ ಎತ್ತಲಿಲ್ಲ. ಅವಳು ಅಷ್ಟಾಗಿ ತಲೆ ಎತ್ತುವವಳಲ್ಲ.

"ನನ್ನ ಸಂತಾಪ ತಗೊಳ್ಳಿ ಅಮ್ಮ," ಎಂದು ಅಬೆಲಾರ್ದೊ ಬೆನಿತಾಳಿಗೆ ಎದ್ದು ನಿಂತು ಟೋಪಿ ತೆಗೆದರು. "ನನ್ನ ಕಸುಬೇ ಸತ್ತವರ ಮನೇಲಿ. ಅದಕ್ಕೇ ಕಪ್ಪು ಕೋಟು ಯಾವಾಗ್ಲೂ ಚೀಲದಲ್ಲಿ ಇರುತ್ತೆ. ಜಗಳ ಬೇಡ. ನೋಡಿ ಬೆಲೆ ಹೇಳ್ತೀನಿ, ಒಪ್ಪಿದ್ರೆ ಸರಿ, ಇಲ್ಲದಿದ್ರೆ ಒಂದು ಬಟ್ಟಲು ಸೂಪು ಕುಡಿದು ಹೊರಡ್ತೀನಿ."

ಪೊರ್ಫಿರಿಯೊ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದ. ಕೆಂಪು ಉಣ್ಣೆಯ ನೇಯ್ಗೆ, ಅದರ ತುಂಬ ಸಾಲು ಸಾಲು ನಾಣ್ಯ. ಅಬೆಲಾರ್ದೊ ಕಣ್ಣಿಗೆ ಭೂತಗನ್ನಡಿ ಏರಿಸಿ ಮೊದಲನೆಯದನ್ನು ಎತ್ತಿದರು. ಒಂದು ಕ್ಷಣ ಅವರ ಹುಬ್ಬು ಮೇಲೇರಿತು, ಮರುಕ್ಷಣ ಜೋತುಬಿತ್ತು.

"ಇಲ್ಲಿಂದ ಆರು ಬೀದಿ ಆಚೆ, ನಿಮ್ಮ ಪೊತೊಸಿಯ ಟಂಕಸಾಲೆಯಲ್ಲೇ ಹುಟ್ಟಿದ್ದು. ಸ್ಪೇನಿನ ರಾಜರ ಕಾಲದ ಎಂಟು ರಿಯಾಲಿನ ನಾಣ್ಯ. ಅಂಚು ಸವೆದಿಲ್ಲ. ತೂಕ ಸರಿ. ಆದ್ರೆ... ಇದ್ಯಾವ ಪಾಪಿ ಕೆಲಸ?"

"ಏನಾಯ್ತು ದೋನ್?"

"ತೂತು! ಹೊಲಿಯೋಕೆ ತೂತು ಹೊಡೆಯೋದು ಎಲ್ಲ ಕಡೆ ಇದೆ, ಇಲ್ಲ ಅಂತಿಲ್ಲ. ಆದ್ರೆ ಅಂಚಲ್ಲಿ ಹೊಡೀತಾರೆ. ಇಲ್ಲಿ ನೋಡಿ, ನೇರ ರಾಜನ ಮುಖಕ್ಕೇ. ಇವನಿಗೆ ಕಣ್ಣು ಹೋಗಿದೆ. ಇವನಿಗೆ ಬಾಯಿ. ಎಲ್ಲಾ ಹಾಗೇ!" ಅವರ ಬೆರಳು ಸಾಲುಗಳ ಮೇಲೆ ಓಡಿತು. "ಮುಖ ಇಲ್ಲದ ರಾಜನನ್ನ ಯಾರು ಕೊಳ್ತಾರೆ ತಮ್ಮಾ? ಸರಿಯಾಗಿದ್ದಿದ್ರೆ ಒಂದೊಂದಕ್ಕೂ ಆರುನೂರು, ಏಳುನೂರು ಬೊಲಿವಿಯಾನೊ ಬಿಸಾಕ್ತಿದ್ದೆ. ಈಗ ಕರಗಿಸೋ ತೂಕಕ್ಕೆ, ನೂರಿಪ್ಪತ್ತು."

ಪೊರ್ಫಿರಿಯೊನ ಕತ್ತಿನ ನರ ಉಬ್ಬಿತು. "ತಲೆಕೆಟ್ಟ ಮುದುಕಿ," ಎಂದ, ಗೋಡೆಯಾಚೆ ಮಲಗಿದ್ದವಳನ್ನು ಕುರಿತು.

*

ಅವರಪ್ಪ ಇಲಾರಿಯೋನ್ ಹಳೇ ಮನೆ ಕೆಡವುವ ಕೆಲಸದವನು. ಪೊತೊಸಿಯಲ್ಲಿ ಗೋಡೆ ಕೆಡವುವವನು ಪ್ರತಿ ಪೆಟ್ಟು ಹಾಕುವಾಗಲೂ ಒಂದು ಕಿವಿಯನ್ನು ಗೋಡೆಗೆ ಕೊಟ್ಟಿರುತ್ತಾನೆ. ಹಿಂದಿನವರು ಯಾವ ಗೋಡೆಯಲ್ಲಿ ಏನು ಹುದುಗಿಸಿ ಸತ್ತರೋ ಯಾರಿಗೆ ಗೊತ್ತು. ನೂರಕ್ಕೆ ತೊಂಬತ್ತೊಂಬತ್ತು ಜನರಿಗೆ ಸಿಗುವುದು ಇಲಿಯ ಗೂಡು. ಇಲಾರಿಯೋನನಿಗೆ ಒಂದು ಮಡಕೆ ಬೆಳ್ಳಿ ನಾಣ್ಯ ಸಿಕ್ಕಿತು. ಬೆನಿತಾಳಿಗೆ ಆಗ ಆರು ವರ್ಷ. ಊಟದ ಚೀಲದಲ್ಲಿ, ಹಗ್ಗದ ಸುರುಳಿಯಡಿಯಲ್ಲಿ, ಮೂರು ದಿನ ಸ್ವಲ್ಪಸ್ವಲ್ಪವಾಗಿ ಹೊತ್ತು ಅವನು ಅದನ್ನು ಮನೆಗೆ ತಂದ. ಮಾರಲಿಲ್ಲ. ಒಂದು ನಾಣ್ಯ ಸಂತೆಯಲ್ಲಿ ಕಂಡರೆ ಮನೆಯೊಡೆಯ ಬರುತ್ತಾನೆ, ಅವನ ಹಿಂದೆ ಪೊಲೀಸಿನವನು ಬರುತ್ತಾನೆ. ಮಡಕೆ ಮಂಚದಡಿಯ ನೆಲ ಸೇರಿತು.

ಅದಾಗಿ ಒಂದು ವಾರಕ್ಕೆ ಸೂಪು ನೀರಾಗಿದೆ ಎಂದು ಇಲಾರಿಯೋನ್ ಹೆಂಡತಿಯ ಜಡೆ ಹಿಡಿದು ಮುಖವನ್ನು ಬಾಗಿಲ ಚೌಕಟ್ಟಿಗೆ ಬಡಿದ. ಎರಡು ಹಲ್ಲು ನೆಲಕ್ಕೆ ಬಿದ್ದವು. ಬೆನಿತಾ ಅವುಗಳನ್ನು ಹುಡುಕಿ ಅಮ್ಮನ ಕೈಗೆ ಕೊಟ್ಟಳು. ಹಲ್ಲು ತಿರುಗಿ ಕೂರುತ್ತವೆಂದು ಆ ವಯಸ್ಸಿಗೆ ಅವಳ ತಿಳುವಳಿಕೆ.

ಬೆಳಿಗ್ಗೆ ಇಲಾರಿಯೋನ್ ಕೆಲಸಕ್ಕೆ ಹೊರಡುವ ಮುನ್ನ, ಮಾತಿಲ್ಲದೆ, ಅರೆಕಲ್ಲಿನ ಮೇಲೆ ಒಂದು ನಾಣ್ಯ ಇಟ್ಟು ಹೋದ. ದೇವರ ಮುಂದೆ ತಪ್ಪುಕಾಣಿಕೆ ಇಟ್ಟ ಹಾಗೆ.

ಅಸುಂತಾ ನೀರು ಕುದಿಯುವವರೆಗೂ ಅದನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಗಂಡನದೇ ಹಳೇ ಉಳಿ, ಗಂಡನದೇ ಸುತ್ತಿಗೆ ತಂದಳು. ನಾಣ್ಯವನ್ನು ಹೊಸ್ತಿಲ ಕಲ್ಲಿನ ಮೇಲಿಟ್ಟು ಉಳಿಯನ್ನು ರಾಜನ ಬಾಯಿಗೆ ಹಿಡಿದಳು. ಹನ್ನೊಂದು ಏಟಿಗೆ ತೂತಾಯಿತು.

"ಯಾಕಮ್ಮ ತೂತು?"

"ಬಟ್ಟೆಗೆ ಹೊಲಿಯೋಕೆ."

"ಅಂಚಲ್ಲಿ ಹೊಡೀಬಹುದಲ್ಲ?"

"ಅಂಚಲ್ಲಿ ಹೊಡೆದ್ರೆ ಅವನಿಗೆ ನೋವಾಗಲ್ಲ ಮಗಳೇ," ಎಂದು ಅಸುಂತಾ ಊದಿದ ತುಟಿಯಲ್ಲೇ ದಾರ ಪೋಣಿಸಿಕೊಂಡಳು.

ವರ್ಷಕ್ಕೆ ಮೂರು, ನಾಲ್ಕು, ಒಂದು ವರ್ಷ ಆರು. ಬಟ್ಟೆ ತುಂಬುತ್ತ ಹೋಯಿತು. ಹಬ್ಬ, ಮದುವೆಗಳಿಗೆ ಬೀದಿಯಲ್ಲಿ ಬೆಳ್ಳಿ ಸಾಮಾನು ತೂಗುಹಾಕಿ ಕಮಾನು ಕಟ್ಟುವಾಗ ನೆರೆಯವರು ಆ ಬಟ್ಟೆಯನ್ನು ಕೇಳಿ ಒಯ್ಯುತ್ತಿದ್ದರು. ಅದರ ಕೆಳಗೆ ಹೆಣ್ಣುಗಂಡು ನಡೆದುಹೋಗುತ್ತಿದ್ದರು. "ಪುಣ್ಯ ಮಾಡಿದ್ದೀಯ ಅಸುಂತಾ," ಎನ್ನುತ್ತಿದ್ದಳು ಮಾಕ್ಸಿಮಾ. "ನನ್ನ ಗಂಡ ಹೊಡೀತಾನೆ, ಮರೀತಾನೆ. ನಿನ್ನವನು ನೋಡು, ಬೆಳ್ಳಿ ತಂದಿಡ್ತಾನೆ."

ಅಸುಂತಾ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಹಲ್ಲಿರಲಿಲ್ಲವಲ್ಲ.

*

ಅಬೆಲಾರ್ದೊ ಸಣ್ಣ ಕತ್ತರಿಯಿಂದ ಹೊಲಿಗೆ ಬಿಚ್ಚಿ ನಾಣ್ಯಗಳನ್ನು ಸಾಲಾಗಿ ಇಡುತ್ತ, ಇಸವಿ ಓದಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಅದು ಅವರ ಅಭ್ಯಾಸ. ಕರಗಿಸುವ ಮಾಲಿಗೂ ಇಸವಿ ಬೇಕು.

"ಸಾವಿರದ ಏಳುನೂರ ತೊಂಬತ್ತಾರು."

ಗೋಡೆಗೆ ಒರಗಿ, ಊದುತ್ತಿದ್ದ ಬೆರಳನ್ನು ಕಂಕುಳಲ್ಲಿ ಇರುಕಿಕೊಂಡಿದ್ದ ಬೆನಿತಾ ಹೇಳಿದಳು: "ಅದು ಪಕ್ಕೆಲುಬು."

"ಏನಂದ್ರಿ ಅಮ್ಮ?"

"ಪಕ್ಕೆಲುಬು. ಎಡಗಡೆದು. ನೀವು ಬರ್ಕೊಳ್ಳಿ."

"ಬಾಯ್ಮುಚ್ಚು ಬೆನಿತಾ," ಎಂದ ಪೊರ್ಫಿರಿಯೊ.

ಅಬೆಲಾರ್ದೊ ಮುಂದಿನದನ್ನು ಎತ್ತಿದರು. "ಸಾವಿರದ ಎಂಟುನೂರ ಮೂರು."

"ಅದು ಹುಟ್ಟದೇ ಹೋದ ನನ್ನ ತಂಗಿ. ಐದು ತಿಂಗಳಾಗಿತ್ತು. ಅಮ್ಮ ಅದರಲ್ಲಿ ರಾಜನ ಎರಡೂ ಕಣ್ಣು ತೆಗೆದಳು. ನೋಡಿ, ಎರಡು ತೂತು ಇರಬೇಕು."

ಎರಡು ತೂತು ಇದ್ದವು. ಅಬೆಲಾರ್ದೊ ಆ ನಾಣ್ಯವನ್ನು ಬಿಸಿ ಪಾತ್ರೆಯ ಹಾಗೆ ಬೇಗನೆ ಕೆಳಗಿಟ್ಟರು.

"ಅದರ ಪಕ್ಕದ್ದು ಏನಿಲ್ಲ, ಬರೀ ಕೈ ಸುಟ್ಟದ್ದು. ಒಣಮಾಂಸಕ್ಕೆ ಉಪ್ಪು ಜಾಸ್ತಿ ಬಿದ್ದಿತ್ತು ಅವತ್ತು. ಅಣ್ಣನಿಗೂ ನೆನಪಿರುತ್ತೆ. ಅವನು ಎದುರಿಗೇ ಕೂತು ಉಣ್ತಿದ್ದ."

ಗುಂಡುಕಲ್ಲಿನ ಗರ್ರ್ ಸದ್ದು ನಿಂತಿತ್ತು. ಯಾವಾಗ ನಿಂತಿತೋ ಯಾರೂ ಗಮನಿಸಿರಲಿಲ್ಲ.

"ಯಾರ ಮನೇಲಿ ಹೊಡೆಯಲ್ಲ ಹೇಳಿ ದೋನ್?" ಪೊರ್ಫಿರಿಯೊ ವ್ಯಾಪಾರಿಯ ಕಡೆ ತಿರುಗಿ ನಗಲು ನೋಡಿದ. "ಉಳಿದವರು ಹೊಡೆದು ಮರೆತುಬಿಡ್ತಾರೆ. ನಮ್ಮಪ್ಪ ಒಂದೊಂದು ಏಟಿಗೂ ಬೆಳ್ಳಿ ಇಟ್ಟಿದ್ದಾನೆ. ಈ ಊರಲ್ಲಿ ಇನ್ನೊಬ್ಬನನ್ನ ತೋರಿಸಿ ಹಾಗಿರೋನನ್ನ! ಆ ಬೆಳ್ಳಿನ ಹಾಳು ಮಾಡಿದ್ದು ಅಮ್ಮ."

"ಅತ್ತೆ ನಂಗೆ ಎಣಿಸು ಅಂದಿದ್ರು."

ಎಲ್ಲರೂ ತಿರುಗಿದರು. ಮಾತಾಡಿದ್ದು ದೆಲ್ಫಿನಾ. ಮೊಣಕೈವರೆಗೂ ಮೆಣಸಿನಕಾಯಿಯ ಕೆಂಪು.

"ನಮ್ಮ ಮದುವೆ ದಿನ. ಇದೇ ಬಟ್ಟೆ ಕಮಾನಿಗೆ ಕಟ್ಟಿದ್ರಲ್ಲ, ಅವರು ಬೇಡ ಬೇಡ ಅಂದ್ರೂ ನೀನು ಒಯ್ದಿದ್ದೆ. ನಾನು ಕೆಳಗೆ ಹೋಗುವಾಗ ಅತ್ತೆ ಕಿವೀಲಿ ಹೇಳಿದ್ರು, ಎಣಿಸ್ಕೋ ಮಗಳೇ ಅಂತ. ನಾನು... ಆಸ್ತಿ ಎಷ್ಟಿದೆ ಅಂತ ತೋರಿಸ್ತಿದ್ದಾರೆ ಅಂದ್ಕೊಂಡೆ."

"ನಿನ್ನನ್ನ ಯಾರು ಕೇಳಿದ್ರು? ಅರಿ."

ಅವಳು ಅರೆಯಲಿಲ್ಲ.

ಅಬೆಲಾರ್ದೊ ಕೊನೆಯ ಸಾಲನ್ನೂ ಬಿಚ್ಚಿ ಮುಗಿಸಿದರು. ಮೂವತ್ತೆಂಟು ನಾಣ್ಯ ಮೇಜಿನ ಮೇಲಿದ್ದವು. ಚೀಲದಿಂದ ದುಡ್ಡಿನ ಕಟ್ಟು ತೆಗೆಯುತ್ತ, ಅಭ್ಯಾಸಬಲದಿಂದ ಖಾಲಿ ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು. ಒಂದು ಮೂಲೆಯಲ್ಲಿ ಬೆರಳು ನಿಂತಿತು. ಅಲ್ಲೊಂದು ಪುಟ್ಟ ಜೇಬು ಇತ್ತು, ನಾಲ್ಕೂ ಕಡೆ ಒತ್ತೊತ್ತಾಗಿ ಹೊಲಿದದ್ದು. ಕತ್ತರಿ ಆಡಿಸಿದರು. ಮೂವತ್ತೊಂಬತ್ತನೆಯದು ಅಂಗೈಗೆ ಜಾರಿತು.

"ಅಯ್ಯೋ ನನ್ನ ತಾಯಿ!" ಎಂದು ಅವರು ಕಿಟಕಿಯ ಬೆಳಕಿಗೆ ಓಡಿದರು. ರಾಜನಿಗೆ ಕಣ್ಣಿತ್ತು, ಮೂಗಿತ್ತು, ಕಿವಿಯ ಹಿಂದೆ ಇಳಿಬಿದ್ದ ಕೂದಲ ಎಳೆಗಳೂ ಇದ್ದವು. ಬಟ್ಟೆಯೊಳಗೆ ಬೆಚ್ಚಗಿದ್ದು ಬೂದುಬಣ್ಣಕ್ಕೆ ತಿರುಗಿತ್ತು, ಯಾರೂ ತಿಕ್ಕಿರಲಿಲ್ಲ. "ಒಂದು ಗೀರಿಲ್ಲ! ಇದೊಂದಕ್ಕೇ ಒಂಬೈನೂರು ಕೊಡ್ತೀನಿ. ಇದನ್ನ ಮಾತ್ರ ಯಾಕೆ ಬಿಟ್ರು ನಿಮ್ಮ ತಾಯಿ?"

ಬೆನಿತಾ ಒಲೆಯ ಕಡೆ ತಿರುಗಿದಳು. ಅವಳು ದೆಲ್ಫಿನಾಳನ್ನು ನೋಡಿದಳು. ಇಪ್ಪತ್ತು ವರ್ಷ ಈ ಮನೆಯಲ್ಲಿ ಓಡಾಡಿದ ಅತ್ತಿಗೆಯ ಮುಖವನ್ನು, ಹುಬ್ಬಿನ ಮೇಲಿನ ಹಳೇ ಗಾಯದ ಗೆರೆಯನ್ನು, ಮೊದಲ ಬಾರಿಗೆ ಅನ್ನುವ ಹಾಗೆ ನೋಡಿದಳು.

"ಹೇಳ್ತೀನಿ ಅತ್ತಿಗೆ, ಕೇಳು," ಎಂದಳು.

*

ಬೆನಿತಾಳಿಗೆ ಹದಿನೇಳು. ಸಂತೆಯಿಂದ ಬರುವಾಗ ಯಾರೋ ಹುಡುಗನ ಜೊತೆ ನಗುತ್ತಿದ್ದಳೆಂದು ಅಪ್ಪನ ಕಿವಿಗೆ ಬಿತ್ತು. ಅವನು ಸೊಂಟದ ಬೆಲ್ಟು ಬಿಚ್ಚಿ, ಕಬ್ಬಿಣದ ಕೊಂಡಿಯ ಕಡೆಯನ್ನು ಕೆಳಗೆ ಬಿಟ್ಟುಕೊಂಡು ಬಂದ. ಮೊದಲ ಏಟು ಬೆನ್ನಿಗೆ, ಎರಡನೆಯದು ಕಿವಿಗೆ. ಬೆನಿತಾ ಒಲೆಯ ಮೂಲೆಯಲ್ಲಿ ಮುದುಡಿದಳು. ಅವನು ಮೂರನೆಯದಕ್ಕೆ ಕೈ ಎತ್ತುವ ಮುನ್ನ ಆಯ ತಪ್ಪದಿರಲೆಂದು ಎಡಗೈಯನ್ನು ಗೋಡೆಗೂ, ಬೆಲ್ಟು ಸುತ್ತಿದ ಬಲಗೈಯನ್ನು ಒಂದು ಗಳಿಗೆ ಒಲೆಯ ಕಟ್ಟೆಗೂ ಊರಿದ.

ಆ ಒಂದು ಗಳಿಗೆ ಸಾಕಾಯಿತು. ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದ ಅಸುಂತಾ ಗುಂಡುಕಲ್ಲನ್ನು ಎರಡು ಕೈಯಲ್ಲಿ ಎತ್ತಿ, ಮೆಣಸಿನಕಾಯಿ ಜಜ್ಜುವ ಹಾಗೆ, ಅವನ ಮಣಿಕಟ್ಟಿನ ಮೇಲೆ ಇಳಿಸಿದಳು. ಒಣ ಸೌದೆ ಮುರಿದಂಥ ಸದ್ದು. ಇಲಾರಿಯೋನ್ ಕೂಗಲೂ ಇಲ್ಲ. ತನ್ನ ಕೈ ಬೇರೆ ಯಾರದೋ ಎಂಬಂತೆ ನೋಡುತ್ತ ಕುಸಿದ.

"ಅವಳ ಮೇಲೆ ಇಲ್ಲ," ಎಂದಳು ಅಸುಂತಾ. "ನನ್ನ ಮೇಲೂ ಇನ್ನಿಲ್ಲ. ಇನ್ನೊಂದು ಕೈಯೂ ಇದೆ ನಿಂಗೆ, ನೆನಪಿಟ್ಕೋ."

ಬೆಳಿಗ್ಗೆ ಅವನು ಎಡಗೈಯಲ್ಲಿ ಒಂದು ನಾಣ್ಯ ತಂದು ಅರೆಕಲ್ಲಿನ ಮೇಲಿಟ್ಟ. ಅವನಿಗೆ ಬೇರೇನೂ ಗೊತ್ತಿರಲಿಲ್ಲ. ಬೆನಿತಾ ಓಡಿ ಉಳಿ ಸುತ್ತಿಗೆ ತಂದುಕೊಟ್ಟಳು.

"ಇದಕ್ಕೆ ತೂತು ಬೇಡ," ಎಂದಳು ಅಮ್ಮ, ನಾಣ್ಯವನ್ನು ಸ್ಕರ್ಟಿಗೆ ಒರೆಸುತ್ತ. "ಇದು ಅವನು ಕೊಟ್ಟದ್ದಲ್ಲ. ನಾನು ದುಡಿದದ್ದು."

ಆಮೇಲೆ ಅವನು ಇಪ್ಪತ್ತು ವರ್ಷ ಬದುಕಿದ. ಒಂದು ಏಟಿಲ್ಲ, ಒಂದು ನಾಣ್ಯವಿಲ್ಲ. ಮಡಕೆಯಲ್ಲಿ ಉಳಿದಿದ್ದ ನಾಲ್ಕಾರು ನಾಣ್ಯ ಮೂಳೆ ಕೂರಿಸುವವನಿಗೂ ಹೆಂಡದಂಗಡಿಗೂ ಹೋದವು.

*

"ಸುಳ್ಳು," ಎಂದ ಪೊರ್ಫಿರಿಯೊ. "ಅಪ್ಪನ ಕೈ ಮುರಿದದ್ದು ಗೋಡೆ ಬಿದ್ದು."

"ಗೋಡೆ ಬಿದ್ದು ಅಂತ ಅವನು ಹೇಳ್ದ. ಹೆಂಡತಿ ಹೊಡೆದಳು ಅಂತ ಹೇಳ್ಕೊಂಡು ತಿರುಗ್ತಾನಾ?"

ದೋನ್ ಅಬೆಲಾರ್ದೊಗೆ, ಯಾಕೋ ಏನೋ, ಫಕ್ಕನೆ ನಗು ಬಂತು. ಆ ನಗು ಬರಬಾರದಿತ್ತು. ಪೊರ್ಫಿರಿಯೊ ಎರಡು ಹೆಜ್ಜೆಗೆ ಅಡುಗೆಮನೆ ದಾಟಿ ತಂಗಿಯ ಮುಖಕ್ಕೆ ಮುಷ್ಟಿಯಿಂದ ಗುದ್ದಿದ. ಬೆನಿತಾಳ ತಲೆ ಗೋಡೆಗೆ ಬಡಿದು, ಅವಳು ಗೋಡೆಯನ್ನೇ ಸವರಿಕೊಂಡು ಕೆಳಗಿಳಿದಳು. ತುಟಿ ಒಡೆದು ರಕ್ತ ಗಲ್ಲಕ್ಕೆ, ಗಲ್ಲದಿಂದ ಕಪ್ಪು ಶಾಲಿಗೆ ಹರಿಯಿತು. ಮುಂದಿನ ಕೋಣೆಯಲ್ಲಿ ಜಪ ಹೇಳುತ್ತಿದ್ದವರು ಒಂದು ಕ್ಷಣ ನಿಲ್ಲಿಸಿ, ಮತ್ತೆ ಸ್ವಲ್ಪ ಜೋರಾಗಿ ಶುರುಮಾಡಿದರು.

ದೆಲ್ಫಿನಾ ಎದ್ದಳು. ಕೈ ತೊಳೆದಳು. ಒದ್ದೆ ಬಟ್ಟೆ ಮಡಚಿ ನಾದಿನಿಯ ತುಟಿಗೆ ಒತ್ತಿ, ತಲೆಯನ್ನು ಹಿಂದಕ್ಕಲ್ಲ, ಮುಂದಕ್ಕೆ ಬಾಗಿಸಿದಳು. ಮೇಜಿನಿಂದ ಎರಡು ತಣ್ಣನೆಯ ನಾಣ್ಯ ತೆಗೆದು ಕೆನ್ನೆಯ ಮೂಳೆಗೆ ಒತ್ತಿ ಹಿಡಿದಳು. ಎಲ್ಲಿ ಊದುತ್ತದೆ, ಎಷ್ಟು ಹೊತ್ತು ಒತ್ತಬೇಕು, ಅವಳ ಬೆರಳಿಗೆ ಗೊತ್ತಿತ್ತು. ಒಮ್ಮೆಯೂ ತಡವರಿಸಲಿಲ್ಲ.

"ರಕ್ತ ನುಂಗಬೇಡ," ಎಂದಳು ಮೆಲ್ಲಗೆ. "ನುಂಗಿದ್ರೆ ವಾಂತಿ ಆಗುತ್ತೆ."

"ಬೆನಿತಾ," ಎಂದ ಪೊರ್ಫಿರಿಯೊ. ಸಿಟ್ಟು ಇಳಿದು, ಅದರ ಜಾಗದಲ್ಲಿ ಇನ್ನೇನೋ ಬಂದು ಕೂತಿತ್ತು. ಅಮ್ಮ ಹೆಣವಾಗಿ ಮಲಗಿರುವ ದಿನ. "ನೋಡು, ನೀನೂ ಮಾತು ಬೆಳೆಸಿದೆ. ನಂಗೇನು ಖುಷಿನಾ?" ಅವನು ಅಬೆಲಾರ್ದೊರ ಕೈಯಿಂದ ತೂತಿಲ್ಲದ ನಾಣ್ಯ ಕಿತ್ತುಕೊಂಡ. ಅತ್ತಿತ್ತ ನೋಡಿದ. ತಂಗಿಯ ಕೈಗೆ ಕೊಡಲು ಮುಖವಿರಲಿಲ್ಲ. ಬಗ್ಗಿ ಅರೆಕಲ್ಲಿನ ಮೇಲೆ, ಮೆಣಸಿನಕಾಯಿಯ ಒದ್ದೆಯ ಪಕ್ಕ, ಅದನ್ನು ಇಟ್ಟ. "ತಗೋ. ಒಂಬೈನೂರರದ್ದು. ಇದು ನಿಂದೇ. ಆಯ್ತಲ್ಲ?"

ಅವನ ಕೈ ಇನ್ನೂ ನಾಣ್ಯದ ಮೇಲೇ ಇತ್ತು. ಅವನಪ್ಪನದೇ ಕೈ, ಅದೇ ಅಗಲ, ಅದೇ ಗಂಟು. ಬೆನಿತಾ ಆ ಕೈಯನ್ನು ನೋಡಿದಳು. ಬೆರಳು ಮುರಿಯದ ತನ್ನ ಇನ್ನೊಂದು ಕೈಯನ್ನು ಚಾಚಿ ಗುಂಡುಕಲ್ಲಿಗಾಗಿ ತಡಕಿದಳು. ಗುಂಡುಕಲ್ಲು ಅಲ್ಲಿರಲಿಲ್ಲ.

ಅದು ದೆಲ್ಫಿನಾಳ ಎರಡು ಕೈಗಳಲ್ಲಿ, ಅವಳ ಹಣೆಯ ಎತ್ತರದಲ್ಲಿತ್ತು. ಅವಳು ಅದನ್ನು ಆ ಕೈಯ ಮೇಲೆ ತೂಗಿ ಇಳಿಸಿದಳು.

ಈ ಸಲ ಮುಂದಿನ ಕೋಣೆಯವರು ಜಪ ನಿಲ್ಲಿಸಿ ಎಷ್ಟೋ ಹೊತ್ತು ಮತ್ತೆ ಶುರುಮಾಡಲಿಲ್ಲ.

ದೋನ್ ಅಬೆಲಾರ್ದೊ ದುಡ್ಡಿನ ಕಟ್ಟನ್ನು ಚೀಲಕ್ಕೆ ಹಾಕಿದರು, ತಕ್ಕಡಿ ಮಡಚಿದರು. "ನನಗೆ ಎರಡೂವರೆಗೇ ಒಂದು ಬಸ್ಸಿರಬೇಕು," ಎಂದರು ಯಾರಿಗೂ ಅಲ್ಲದೆ. ಬಾಗಿಲಲ್ಲಿ ನಿಂತು, ಟೋಪಿ ಎದೆಗೊತ್ತಿ, ಇಬ್ಬರು ಹೆಂಗಸರಿಗೂ ತಲೆ ಬಾಗಿಸಿ ಹೊರಟುಹೋದರು. ಸೂಪು ಕುಡಿಯಲಿಲ್ಲ.

*

ಮೂರು ಗಂಟೆಗೆ ಪೆಟ್ಟಿಗೆ ಎದ್ದಿತು. ಮುಂದಿನ ಬಲ ಮೂಲೆಗೆ ಹಿರಿಮಗ ಹೆಗಲು ಕೊಡಬೇಕು. ಮಾಕ್ಸಿಮಾಳ ಅಳಿಯ ಕೊಟ್ಟ. ಪೊರ್ಫಿರಿಯೊನ ಬಲಗೈಯನ್ನು ಹೆಂಡತಿಯ ಶಾಲಿನಿಂದ ಎದೆಗೆ ಬಿಗಿದು ಕಟ್ಟಲಾಗಿತ್ತು. ಕಟ್ಟಿದ್ದು ಚೆನ್ನಾಗಿತ್ತು, ಕಟ್ಟಿದವಳೇ ದೆಲ್ಫಿನಾ.

"ಪಾಪ, ದುಃಖ ತಡೀಲಾರದೆ ಗೋಡೆಗೆ ಗುದ್ದಿಕೊಂಡನಂತೆ," ಎಂದ ಹಿಂದೆ ಹೊತ್ತಿದ್ದವನು.

"ಹೌದಪ್ಪ," ಎಂದಳು ಮಾಕ್ಸಿಮಾ. "ಈ ಮನೆ ಗೋಡೆಗಳೇ ಹಾಗೆ. ಅವನಪ್ಪನಿಗೂ ಹಾಗೇ ಆಗಿತ್ತು." ಅವಳು ಬೆನಿತಾಳ ಊದಿದ ಮುಖದ ಕಡೆ ನೋಡದೆ, ಅವಳ ತೋಳನ್ನು ತನ್ನ ತೋಳಿಗೆ ಸಿಕ್ಕಿಸಿಕೊಂಡಳು.

ಕಲ್ಲುಹಾಸಿನ ಇಳಿಜಾರು ಬೀದಿ. ಮಣ್ಣುಗಾಳಿ ಕೆಂಪು ಬೆಟ್ಟದ ಕಡೆಯಿಂದ ಬೀಸುತ್ತಿತ್ತು. ಹೆಜ್ಜೆಗೊಮ್ಮೆ ಪೆಟ್ಟಿಗೆಯೊಳಗಿಂದ ಝಲ್ ಎನ್ನುತ್ತಿತ್ತು. ಹೊಲಿಯಲು ಹೊತ್ತಿರಲಿಲ್ಲ; ಮೂವತ್ತೆಂಟನ್ನೂ ಬಟ್ಟೆಯೊಳಗೆ ಗಂಟು ಕಟ್ಟಿ ಅಸುಂತಾಳ ಕಾಲ ಬಳಿ ಇಟ್ಟಿದ್ದರು. ಹೊತ್ತವರು ಸದ್ದಾಗದಿರಲೆಂದು ಹೆಜ್ಜೆ ಸಣ್ಣದು ಮಾಡಿದರು. ಆಗ ಇನ್ನೂ ಹೆಚ್ಚು ಸದ್ದಾಯಿತು.

"ಬೆನಿತಾ," ಎಂದಳು ದೆಲ್ಫಿನಾ ಪಕ್ಕಕ್ಕೆ ಬಂದು. ಅವಳ ಎಡಗೈ ಮುಷ್ಟಿ ಕಟ್ಟಿತ್ತು. ಶಾಲಿಲ್ಲದ ಭುಜ ಗಾಳಿಗೆ ನಡುಗುತ್ತಿತ್ತು. "ಇದನ್ನೇನು ಮಾಡ್ಲಿ? ಇದಕ್ಕೂ ತೂತು ಹೊಡೀಬೇಕಾ?"

"ಬೇಡ," ಎಂದಳು ಬೆನಿತಾ, ಒಡೆದ ತುಟಿ ಎಷ್ಟು ಬಿಡುತ್ತದೋ ಅಷ್ಟು.

ಬೀದಿಯ ತಿರುವಿನಲ್ಲಿ ಪೊರ್ಫಿರಿಯೊ ನಿಂತ. ಎಡಗೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದು, ಹಲ್ಲಿನಿಂದ ಕಡ್ಡಿ ಎಳೆದು, ಮೊಣಕಾಲ ನಡುವೆ ಪೆಟ್ಟಿಗೆ ಇರುಕಿ ಗೀರಲು ನೋಡಿದ. ಗಾಳಿಗೆ ಆರಿತು. ಇನ್ನೊಂದು. ಅದೂ ಆರಿತು. ತುಟಿಯಲ್ಲಿ ಹಚ್ಚದ ಸಿಗರೇಟು ಸಿಕ್ಕಿಸಿಕೊಂಡು ಅವನು ಹೆಂಡತಿ ಬರುತ್ತಿದ್ದ ಕಡೆ ತಿರುಗಿ, ಗಾಳಿಗೆ ಅಡ್ಡ ಕೈ ಹಿಡಿಯಲಿ ಎಂದು ಕಾದು ನಿಂತ.

ದೆಲ್ಫಿನಾ ಮುಷ್ಟಿ ಬಿಚ್ಚದೆ ಅವನನ್ನು ದಾಟಿ, ಝಲ್ ಝಲ್ ಎನ್ನುತ್ತಿದ್ದ ಪೆಟ್ಟಿಗೆಯ ಹಿಂದೆ ಇಳಿದು ಹೋದಳು.